ಸೇತುವೆ ಬರುವ ಮೊದಲು ಕಾಸರಗೋಡಿನವರು ಚಂದ್ರಗಿರಿ ಹೊಳೆಯನ್ನು ಹೇಗೆ ದಾಟುತ್ತಿದ್ದರು?

ಮುಖ್ಯವಾಗಿ ಕಡವಿನ, ಅಂದರೆ ಹೊಳೆ ದಾಟಿಸುವ ತಾಣದ, ದೋಣಿಯಲ್ಲಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಕಡೆ ಪಯಸ್ವಿನಿ ಎನಿಸಿಕೊಳ್ಳುವ ಈ ಹೊಳೆ ಕಾಸರಗೋಡು ಪೇಟೆಯ ಬಳಿ ಕಡಲು ಸೇರುವಷ್ಟರಲ್ಲಿ ಬಹಳ ಅಗಲವಾಗುವುದರಿಂದ ಅಲ್ಲಿ ನಡೆದು ದಾಟುವ ಮಾತೇ ಇರಲಿಲ್ಲ. ಅಂಬಿಗರು ಆಳ ಕಡಿಮೆಯಿದ್ದಲ್ಲಿ ಗಳ ಊರಿ, ಆಳದಲ್ಲಿ ಹುಟ್ಟು ಹಾಕಿ ದೋಣಿ ನಡೆಸುತ್ತಿದ್ದರು. ಸೆಳೆತವು ದೋಣಿಯನ್ನು ಕೆಳಕ್ಕೆ ಒಯ್ಯುತ್ತದೆಯಾದ್ದರಿಂದ, ಸೇರಬೇಕಾದ ಜಾಗಕ್ಕಿಂತ ತುಸು ಮೇಲಿನಿಂದಲೇ ಹೊರಡುವುದು, ಅಳಿವೆಯ ಹತ್ತಿರವಾದರೆ ಭರತ–ಇಳಿತಗಳನ್ನೂ ಗಮನಿಸುವುದು ಆ ಕಸುಬಿನ ಮರ್ಮ. ನೋಡುವವರಿಗೆ ಸುಲಭವೆನಿಸಿದರೂ ಇದು ವರ್ಷಗಟ್ಟಲೆ ಕಲಿತು ಬರುವ ವಿದ್ಯೆ. ಭಾರದ ಸಾಮಾನುಗಳಿಗಾದರೆ ಕರಾವಳಿಯ ಹೊಳೆಗಳಲ್ಲಿ ಎರಡು ದೋಣಿಗಳನ್ನು ಬಿಗಿದು, ಮೇಲೆ ಹಲಗೆ ಹಾಸುವ ರೂಢಿಯಿತ್ತು. ಒಳನಾಡಿನ ಕಿರುತೋಡುಗಳಿಗೆ, ಅಂದರೆ ಸಣ್ಣ ಹಳ್ಳಗಳಿಗೆ, ಅಡಿಕೆ ಮರದ ಕಾಲುಸಂಕವೇ (ನಡೆದು ದಾಟುವ ಕಿರುಸೇತುವೆ) ಸಾಕಾಗುತ್ತಿತ್ತು; ಆಟಿಯ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು) ನೆರೆಗೆ ಅದು ಕೊಚ್ಚಿಹೋದರೆ ಮಳೆ ಬಿಟ್ಟ ಮೇಲೆ ಮತ್ತೆ ಕಟ್ಟಬೇಕಿತ್ತು.