ತಂಬುಳಿ ಫೋಟೋ ಗೂಗಲ್‌ನಲ್ಲಿ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಎರಡು ವರ್ಷದಿಂದ ನಮ್ಮ ಕಡೆಯ ಅಡುಗೆಗಳನ್ನು ನನ್ನದೇ ವೆಬ್‌ಸೈಟ್‌ನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಂಬುಳಿ, ಅಪ್ಪೆಹುಳಿ, ತೊಡದೇವು ಅಂತ ನೂರರ ಹತ್ತಿರ ಆಗಿದೆ. ಗೂಗಲ್‌ನಲ್ಲಿ ಹುಡುಕಿದರೆ ಬೇರೆಯವರ ಸೈಟ್‌ಗಳ ಜೊತೆ ಅಡುಗೆಯ ಫೋಟೋ, ಎಷ್ಟು ನಿಮಿಷ ಬೇಕು, ನಕ್ಷತ್ರ ಎಲ್ಲ ಕಾಣುತ್ತದೆ. ನನ್ನದು ಬರೀ ಅಕ್ಷರ. "ಸ್ಕೀಮಾ ಹಾಕಬೇಕಮ್ಮಾ" ಅಂತಾನೆ ಮಗ. ಅದೇನು? ನನ್ನ ಕೈಲಿ ಆಗುತ್ತದಾ? (ಓದುಗರು, ಶಿರಸಿ)

ಉತ್ತರ: ಖಂಡಿತ ಆಗುತ್ತದೆ. ಮಗ ಹೇಳಿದ್ದೂ ಸರಿ.

ನಿಮ್ಮ ಒಂದೆಲಗದ ತಂಬುಳಿ ಪುಟ ಓದಿದವರಿಗೆ "ಒಂದು ಹಿಡಿ ಒಂದೆಲಗ" ಅನ್ನುವುದು ಸಾಮಾನು, "ಹತ್ತು ನಿಮಿಷ" ಅನ್ನುವುದು ಬೇಕಾಗುವ ಹೊತ್ತು, "ನಾಲ್ಕು ಜನಕ್ಕೆ" ಅನ್ನುವುದು ಅಳತೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಗೂಗಲ್‌ನ ಯಂತ್ರ ಇದನ್ನೆಲ್ಲ ಊಹಿಸಬೇಕು. ಊಹೆಗೆ ಬಿಡದೆ, ಇದು ಹೆಸರು, ಇದು ಸಾಮಾನು, ಇದು ಸಮಯ ಅಂತ ಒಂದೊಂದಕ್ಕೂ ಚೀಟಿ ಅಂಟಿಸಿ ಕೊಡುವುದೇ ಸ್ಟ್ರಕ್ಚರ್ಡ್ ಡೇಟಾ. ಚೀಟಿಯ ಮೇಲೆ ಯಾವ ಪದ ಬರೆಯಬೇಕು ಅನ್ನುವುದಕ್ಕೆ ಒಂದು ಪಟ್ಟಿ ಇದೆ. 2011ರ ಜೂನ್‌ನಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್‌ನ ಬಿಂಗ್ ಸೇರಿ ಸ್ಕೀಮಾ ಡಾಟ್ ಆರ್ಗ್ ಅಂತ ಶುರು ಮಾಡಿದರು, ಅದೇ ವರ್ಷ ರಷ್ಯಾದ ಯಾಂಡೆಕ್ಸ್ ಕೂಡ ಸೇರಿತು. ಸ್ಕೀಮಾ ಅನ್ನುವ ಮಾತು ಬಂದಿದ್ದು ಅಲ್ಲಿಂದ.

ಬರೆಯುವ ಬಗೆ ಮೂರಿವೆ. ನಿಮಗೆ ಬೇಕಾದದ್ದು ಒಂದೇ, ಜೇಸನ್ ಎಲ್‌ಡಿ. ಗೂಗಲ್ ಕೂಡ ಅದನ್ನೇ ಬಳಸಿ ಅನ್ನುತ್ತದೆ. ಇದರಲ್ಲಿ ನಿಮ್ಮ ಬರಹದ ಮಧ್ಯೆ ಕೈಹಾಕುವ ಕೆಲಸ ಇಲ್ಲ, ಪುಟದ ಕೋಡ್‌ನಲ್ಲಿ ಒಂದು ಕಡೆ ಬೇರೆಯೇ ತುಂಡಾಗಿ ಕೂತಿರುತ್ತದೆ. ನಿಮ್ಮ ಸೈಟ್ ವರ್ಡ್‌ಪ್ರೆಸ್ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದಾದರೆ ಇನ್ನೂ ಸುಲಭ: ರೆಸಿಪಿ ಪ್ಲಗಿನ್ (ಸೈಟ್‌ಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಒಂದನ್ನು ಹಾಕಿಕೊಂಡು ಫಾರ್ಮ್ ತುಂಬಿದ ಹಾಗೆ ತುಂಬುತ್ತಾ ಹೋದರೆ ಕೋಡ್ ತಾನೇ ಬರುತ್ತದೆ. ಒಂದು ಸಾಕು. ಎರಡೆರಡು ಪ್ಲಗಿನ್ ಹಾಕಿದರೆ ಒಂದೇ ಅಡುಗೆಗೆ ಎರಡು ಚೀಟಿ ಆಗಿ, ಒಂದರಲ್ಲಿ ಹತ್ತು ನಿಮಿಷ, ಇನ್ನೊಂದರಲ್ಲಿ ಇಪ್ಪತ್ತು ಅಂತ ಇದ್ದರೆ ಯಾವುದನ್ನು ನಂಬಬೇಕು ಹೇಳಿ?

ಅಡುಗೆಗೆ ಗೂಗಲ್ ಕಡ್ಡಾಯ ಮಾಡಿರುವುದು ಎರಡೇ, ಹೆಸರು ಮತ್ತು ಫೋಟೋ. ಆದರೂ ಉಳಿದದ್ದನ್ನು ಬಿಡಬೇಡಿ. ತಯಾರಿಯ ಸಮಯ, ಎಷ್ಟು ಜನಕ್ಕೆ, ಸಾಮಾನು, ಮಾಡುವ ಕ್ರಮ, ಇವೆಲ್ಲ ನಿಮ್ಮ ಪುಟದಲ್ಲಿ ಹೇಗೂ ಇವೆ ಅಲ್ವಾ? ಸಾಮಾನನ್ನು ಒಟ್ಟಿಗೆ ಸುರಿಯದೆ ಒಂದೆಲಗ ಒಂದು, ಜೀರಿಗೆ ಒಂದು, ಕಾಳುಮೆಣಸು ಒಂದು, ತೆಂಗಿನತುರಿ ಒಂದು, ಮಜ್ಜಿಗೆ ಒಂದು ಅಂತ ಬಿಡಿಬಿಡಿಯಾಗಿ ಕೊಡಿ. ಸಮಯ, ತಾರೀಖಿನಂಥವನ್ನು ಬಿಟ್ಟು ಉಳಿದದ್ದನ್ನೆಲ್ಲ ಕನ್ನಡದಲ್ಲೇ ಬರೆಯಬಹುದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಸ್ಕೀಮಾ ಇಂಗ್ಲಿಷ್ ಸೈಟ್‌ಗೆ ಮಾತ್ರ ಅಂದುಕೊಂಡು ಒಳ್ಳೊಳ್ಳೆ ಕನ್ನಡ ಸೈಟ್‌ನವರು ಸುಮ್ಮನೆ ಕೂತಿರುವುದನ್ನು ನೋಡಿದ್ದೇನೆ, ನೋಡಿದಾಗೆಲ್ಲ ಬೇಜಾರಾಗುತ್ತದೆ. ಚೀಟಿಯ ಹೆಸರು ಇಂಗ್ಲಿಷಿನಲ್ಲಿ ಇರಬೇಕು, ಒಳಗಿನ ಮಾತು ಕನ್ನಡದ್ದೇ ಇರಲಿ.

ನಮ್ಮವರು ಎಡವುವುದು ಬೇರೆ ಕಡೆ. ಸಮಯವನ್ನು "ಹತ್ತು ನಿಮಿಷ" ಅಂತ ಕೋಡ್‌ನಲ್ಲಿ ಬರೆದರೆ ನಡೆಯುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಪಿ, ಟಿ, ಆಮೇಲೆ 10, ಆಮೇಲೆ ಎಂ, ನಡುವೆ ಜಾಗ ಬಿಡದೆ ಬರೆಯಬೇಕು. ಒಂದೂವರೆ ಗಂಟೆ ಆದರೆ ಪಿ, ಟಿ, 1, ಎಚ್, 30, ಎಂ. ತಾರೀಖು 2025-03-14 ಅನ್ನುವ ಹಾಗೆ, ವರ್ಷ ಮೊದಲು. ಕನ್ನಡ ಅಂಕಿ ಪುಟದಲ್ಲಿ ಧಾರಾಳವಾಗಿ ಇರಲಿ, ಆದರೆ ಕೋಡ್‌ನ ಸಮಯ, ತಾರೀಖು, ಬೆಲೆಯಲ್ಲಿ ೧೦ ಅಂತ ಬರೆದರೆ ತಪ್ಪು ಅಂತ ತೋರಿಸುತ್ತದೆ, 10 ಅಂತಲೇ ಬೇಕು.

ಇನ್ನೊಂದು ಉದ್ಧರಣ ಚಿಹ್ನೆ. ಕೋಡ್‌ನಲ್ಲಿ ಅದು ನೆಟ್ಟಗೆ ಇರಬೇಕು, ಹೀಗೆ: ". ನಾನೊಮ್ಮೆ ಪತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಕೋಡ್ ಟೈಪ್ ಮಾಡಿ ಅಲ್ಲಿಂದ ಸೈಟ್‌ಗೆ ಅಂಟಿಸಿದ್ದೆ. ಅದು ಚಿಹ್ನೆಗಳನ್ನೆಲ್ಲ “ ” ಅಂತ ಬಾಗಿಸಿಬಿಟ್ಟಿತ್ತು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅರ್ಧ ದಿನ ಹುಡುಕಿದೆ. ಹಾಗೇ ಕೊನೆಯ ಸಾಲಿನ ನಂತರ ಒಂದು ಅಲ್ಪವಿರಾಮ ಜಾಸ್ತಿ ಉಳಿದರೂ ಇಡೀ ತುಂಡು ಕೆಡುತ್ತದೆ.

ಅದಕ್ಕೇ ಹಾಕಿದ ಮೇಲೆ ಪರೀಕ್ಷೆ ಮಾಡಿ. ಗೂಗಲ್‌ನದೇ ರಿಚ್ ರಿಸಲ್ಟ್ಸ್ ಟೆಸ್ಟ್ ಅನ್ನುವ ಉಚಿತ ಪುಟ ಇದೆ, ನಿಮ್ಮ ಪುಟದ ವಿಳಾಸ ಕೊಟ್ಟರೆ ಎಲ್ಲಿ ತಪ್ಪಾಗಿದೆ ಅಂತ ಹೇಳುತ್ತದೆ. ಎರರ್ ಅಂತ ಬಂದರೆ ಸರಿಮಾಡಲೇಬೇಕು. ವಾರ್ನಿಂಗ್ ಅಂದರೆ ಇದ್ದರೆ ಒಳ್ಳೆಯದು ಅಂತ ಅಷ್ಟೇ. ಕ್ಯಾಲೊರಿ ಲೆಕ್ಕ ಗೊತ್ತಿಲ್ಲದಿದ್ದರೆ ಬಿಡಿ, ಊಹೆ ಮಾಡಿ ತುಂಬಬೇಡಿ. ನಕ್ಷತ್ರವೂ ಅಷ್ಟೇ, ಓದುಗರು ನಿಜವಾಗಿ ಕೊಟ್ಟ ಅಂಕ ಪುಟದಲ್ಲೇ ಕಾಣುವಂತಿದ್ದರೆ ಮಾತ್ರ ಹಾಕಿ.

ಇಷ್ಟಾದ ಮೇಲೂ ಫೋಟೋ ಬಂದೇ ಬರುತ್ತದೆ ಅಂತ ಗ್ಯಾರಂಟಿ ಇಲ್ಲ, ತೋರಿಸುವುದು ಬಿಡುವುದು ಗೂಗಲ್‌ಗೆ ಬಿಟ್ಟದ್ದು. ಸ್ಕೀಮಾ ಹಾಕಿದ ಮಾತ್ರಕ್ಕೆ ಹತ್ತನೆಯ ಸ್ಥಾನದಿಂದ ಮೊದಲನೆಯದಕ್ಕೆ ಏರುವುದೂ ಇಲ್ಲ. ಆದರೆ ಅದೇ ಸ್ಥಾನದಲ್ಲಿ ಹಸಿರು ತಂಬುಳಿಯ ಫೋಟೋ ಕಂಡರೆ ಬೆರಳು ಅಲ್ಲಿಗೇ ಹೋಗುತ್ತದೆ ಅಲ್ವಾ? ನೂರನ್ನೂ ಒಂದೇ ಸಲ ಮಾಡಲು ಹೋಗಬೇಡಿ. ಜಾಸ್ತಿ ಜನ ಓದುವ ಐದು ಅಡುಗೆ ಆರಿಸಿ, ಸೈಟ್ ಇರುವವರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಅನ್ನುವ ಉಚಿತ ಸೇವೆಯಲ್ಲಿ ಆ ಪುಟಗಳನ್ನು ಮತ್ತೆ ನೋಡಲು ಗೂಗಲ್‌ಗೆ ಕೇಳಿಕೊಂಡು ಕೆಲವು ವಾರ ಕಾಯಿರಿ.

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಒಬ್ಬರು ಬಂದು, ದುಡ್ಡು ಕೊಟ್ಟರೆ ನಿಮ್ಮ ವೆಬ್‌ಸೈಟ್‌ಗೆ 4.9 ನಕ್ಷತ್ರದ ಕೋಡ್ ಹಾಕಿಕೊಡುತ್ತೇವೆ, ಗೂಗಲ್‌ನಲ್ಲಿ ಕಾಣುತ್ತದೆ ಅನ್ನುತ್ತಿದ್ದಾರೆ. ಮಾಡಿಸಲೇ? (ಓದುಗರು, ಕೊಡಗು)

ಉತ್ತರ: ದಯವಿಟ್ಟು ಬೇಡ. 2019ರ ಸೆಪ್ಟೆಂಬರ್‌ನಲ್ಲೇ ಗೂಗಲ್ ಈ ದಾರಿ ಮುಚ್ಚಿದೆ. ಒಂದು ವ್ಯಾಪಾರ ತನ್ನದೇ ಸೈಟ್‌ನಲ್ಲಿ ತನ್ನ ಬಗ್ಗೆ ಹಾಕಿಕೊಂಡ ವಿಮರ್ಶೆಯ ನಕ್ಷತ್ರವನ್ನು ಅದು ತೋರಿಸುವುದಿಲ್ಲ, ಅಂಕ ನಿಜವಾದದ್ದೇ ಇದ್ದರೂ ಅಷ್ಟೇ. ಸುಳ್ಳು ಅಂಕ ಅಂತ ಗೊತ್ತಾದರೆ ಅಲ್ಲಿನ ಸಿಬ್ಬಂದಿಯೇ ನೋಡಿ ಮ್ಯಾನುಯಲ್ ಆಕ್ಷನ್ ಅನ್ನುವ ದಂಡನೆ ಹಾಕಬಹುದು. ಆಮೇಲೆ ಫೋಟೋ ಗೀಟೋ ಏನೂ ಕಾಣದಂತೆ ಆಗಬಹುದು. ಅದನ್ನು ತೆಗೆಸಬೇಕಾದರೆ ಎಲ್ಲ ಸರಿಮಾಡಿ, ಮತ್ತೆ ಪರಿಶೀಲಿಸಿ ಅಂತ ಅರ್ಜಿ ಹಾಕಬೇಕು.

ಮ್ಯಾಪ್‌ನಲ್ಲಿ ಕಾಣುವ ನಕ್ಷತ್ರ ಬೇರೆ. ಅದು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ನಿಮ್ಮ ಅತಿಥಿಗಳು ಕೊಟ್ಟದ್ದು, ಆ ಖಾತೆ ಉಚಿತ. ಉಳಿದು ಹೋದವರಿಗೆ ಮನಸ್ಸಿದ್ದರೆ ಅಲ್ಲಿ ಬರೆಯಿರಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ನಿಮ್ಮ ಸೈಟ್‌ನ ಸ್ಕೀಮಾದಲ್ಲಿ ಲಾಡ್ಜಿಂಗ್ ಬಿಸಿನೆಸ್ ಅನ್ನುವ ಬಗೆ ಆರಿಸಿ, ಹೆಸರು, ಪೂರ್ತಿ ವಿಳಾಸ, +91 ಸೇರಿಸಿದ ಫೋನ್ ನಂಬರ್, ಮ್ಯಾಪ್‌ನ ಅಕ್ಷಾಂಶ ರೇಖಾಂಶ ಕೊಡಿ. ಹೆಸರು ಇಂಗ್ಲಿಷಿನಲ್ಲಿದ್ದರೆ ಆಲ್ಟರ್ನೇಟ್ ನೇಮ್ ಅನ್ನುವ ಜಾಗದಲ್ಲಿ ಕನ್ನಡದ ಹೆಸರನ್ನೂ ಸೇರಿಸಿ. ಪ್ರೊಫೈಲ್‌ನಲ್ಲಿ ಒಂದು ನಂಬರ್, ಸೈಟ್‌ನಲ್ಲಿ ಹಳೆಯ ಲ್ಯಾಂಡ್‌ಲೈನ್ ನಂಬರ್ ಇರುವುದು ತುಂಬಾ ಕಡೆ ಕಾಣುತ್ತೇನೆ. ಇವತ್ತೇ ಎರಡನ್ನೂ ತೆರೆದು ಒಮ್ಮೆ ಹೋಲಿಸಿ ನೋಡಿ.

ಪ್ರಶ್ನೆ: ನಮ್ಮ ಟ್ಯೂಷನ್ ಸೆಂಟರ್ ಸೈಟ್‌ನಲ್ಲಿ ಎಫ್‌ಎಕ್ಯೂ (ಜನ ಪದೇ ಪದೇ ಕೇಳುವ ಪ್ರಶ್ನೆಗಳ) ಸ್ಕೀಮಾ ಹಾಕಿದ್ದೆವು. ಮೊದಲು ಪ್ರಶ್ನೆಗಳೆಲ್ಲ ಗೂಗಲ್‌ನಲ್ಲೇ ಕಾಣುತ್ತಿದ್ದವು, ಈಗ ಮಾಯ. ಏನು ತಪ್ಪಾಯಿತು? (ಓದುಗರು, ಮೈಸೂರು)

ಉತ್ತರ: ನಿಮ್ಮ ತಪ್ಪೇನಿಲ್ಲ. 2023ರ ಆಗಸ್ಟ್‌ನಲ್ಲಿ ಗೂಗಲ್ ಆ ಸೌಲಭ್ಯವನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯದ ಸೈಟ್‌ಗಳಿಗೆ ಮಾತ್ರ ಉಳಿಸಿ ಉಳಿದವರಿಗೆ ನಿಲ್ಲಿಸಿತು. ಮುಂದಿನ ತಿಂಗಳು ಹೌ ಟು, ಅಂದರೆ ಒಂದು ಕೆಲಸ ಮಾಡುವ ಹಂತಗಳನ್ನು ಹೇಳುವ ಸ್ಕೀಮಾದ ತೋರಿಕೆಯೂ ಪೂರ್ತಿ ಹೋಯಿತು. ಹಾಕಿರುವ ಕೋಡ್ ತೆಗೆಯಬೇಕಾಗಿಲ್ಲ, ಇದ್ದರೆ ತೊಂದರೆ ಇಲ್ಲ. ಹೊಸದಾಗಿ ಅದಕ್ಕೆ ದುಡ್ಡು ಕೇಳುವವರು ಬಂದರೆ ಮಾತ್ರ ಬೇಡ ಅನ್ನಿ. ಪುಟದಲ್ಲಿರುವ ಪ್ರಶ್ನೋತ್ತರ ಹಾಗೇ ಇರಲಿ, ಫೀಸ್ ಎಷ್ಟು, ಬ್ಯಾಚ್ ಎಷ್ಟು ಹೊತ್ತಿಗೆ ಅಂತ ಹುಡುಕಿಕೊಂಡು ಬರುವ ಅಪ್ಪ ಅಮ್ಮಂದಿರಿಗೆ ಅದು ಬೇಕೇ ಬೇಕು.