ಮೀಟರಿನಲ್ಲಿ ಸೊನ್ನೆ, ಕುತ್ತಿಗೆಗೆ ಮಾತ್ರ ಚಳಿ

ಪ್ರಶ್ನೆ: ನಾನು ಕೂರುವ ಕಡೆ ಎಸಿ ಗಾಳಿ ಕುತ್ತಿಗೆಗೆ ತಣ್ಣಗೆ ತಾಗುತ್ತದೆ. ಪುಟ್ಟ ಫ್ಯಾನಿನಂಥ ಚಕ್ರ ಇರುವ ಗಾಳಿ ಮೀಟರ್ ತಂದು ಹಿಡಿದರೆ 0 ತೋರಿಸುತ್ತಿದೆ. ಮೀಟರ್ ಕೆಟ್ಟಿದೆಯಾ, ಇಲ್ಲ ನನ್ನದೇ ಭ್ರಮೆಯಾ?

ಉತ್ತರ: ಎರಡೂ ಅಲ್ಲ. ಆ ಚಕ್ರ ತಿರುಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 0.3 ಮೀಟರ್ ವೇಗದಲ್ಲಾದರೂ ಬೀಸಬೇಕು. ಜನ ಕೂರುವ ಜಾಗದಲ್ಲಿ ಸಾಮಾನ್ಯವಾಗಿ ಇರುವುದು 0.1, 0.2 ಅಷ್ಟೇ. ಅದೇ ಮೀಟರನ್ನು ಗಾಳಿ ಹೊರಬೀಳುವ ಜಾಲರಿ ಹತ್ತಿರ ಹಿಡಿಯಿರಿ, ಗಿರ್ರನೆ ತಿರುಗುತ್ತದೆ. ಅದನ್ನು ಮಾಡಿರುವುದೇ ಅಂಥ ಜಾಗಕ್ಕೆ.

ಮೆಲ್ಲಗಿನ ಗಾಳಿಗೆ ಬಿಸಿ ಸೆನ್ಸರಿನ ಮೀಟರ್ ಬೇಕು. ಬಿಸಿ ಮಾಡಿದ ಸಣ್ಣ ತಂತಿಯನ್ನೋ ಗುಂಡನ್ನೋ ಗಾಳಿ ಎಷ್ಟು ತಣ್ಣಗೆ ಮಾಡುತ್ತದೆ ಅನ್ನುವುದರಿಂದ ಅದು ವೇಗವನ್ನು ಲೆಕ್ಕ ಹಾಕುತ್ತದೆ. ಕೋಣೆಯ ಗಾಳಿ ಕ್ಷಣಕ್ಕೊಂದು ದಿಕ್ಕಿಗೆ ಹೊರಳುತ್ತದಲ್ವಾ, ಹಾಗಾಗಿ ಎಲ್ಲ ಕಡೆಯಿಂದಲೂ ಅಳೆಯುವ ಗುಂಡಿನದೇ ವಾಸಿ. ಆದರೆ 0.05ಕ್ಕಿಂತ ಕೆಳಗೆ ಅದನ್ನೂ ನಂಬಬೇಡಿ, ತನ್ನದೇ ಬಿಸಿಯಿಂದ ಮೇಲೇಳುವ ಗಾಳಿಯನ್ನು ಅಳೆದು ಕೊಟ್ಟಿರುತ್ತದೆ!

ಒಂದು ಸಲ ನೋಡಿ ಅಂಕಿ ಬರೆದುಕೊಂಡರೆ ಸಾಲದು. ಕುತ್ತಿಗೆಗೆ ತೊಂದರೆ ಕೊಡುವುದು ವೇಗ ಮಾತ್ರ ಅಲ್ಲ, ಅದರ ಏರಿಳಿತ ಕೂಡ. ಟರ್ಬುಲೆನ್ಸ್ ಅನ್ನುವುದು ಇದನ್ನೇ. 3 ನಿಮಿಷ ಬಿಡದೆ ರೆಕಾರ್ಡ್ ಮಾಡಿ, ವೇಗ ಸರಾಸರಿಯಿಂದ ಎಷ್ಟು ಆಚೀಚೆ ಆಗುತ್ತಿದೆ ಅನ್ನುವುದನ್ನು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ನನ್ನು, ಸರಾಸರಿಯಿಂದ ಭಾಗಿಸಿ ಶೇಕಡಾ ಲೆಕ್ಕಕ್ಕೆ ತನ್ನಿ. ಇಂಥ ಗಾಳಿಗೆ ನೂರಕ್ಕೆ ಎಷ್ಟು ಜನ ಗೊಣಗುತ್ತಾರೆ ಅನ್ನುವುದಕ್ಕೆ ಡೆನ್ಮಾರ್ಕಿನ ಸಂಶೋಧಕ ಓಲೆ ಫ್ಯಾಂಗರ್ ಮತ್ತು ಸಂಗಡಿಗರು 1988ರಲ್ಲಿ ಕೊಟ್ಟ ಸೂತ್ರ, ಕೋಣೆಯ ಸೆಕೆ-ಚಳಿಯ ಹಿತ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7730ರಲ್ಲೂ ಇದೆ. ಅದಕ್ಕೆ 22 ಡಿಗ್ರಿ, 0.2 ಮೀಟರ್ ವೇಗ ಹಾಕಿ ನೋಡಿದೆ. ಏರಿಳಿತ ಶೇ. 10 ಇದ್ದರೆ ನೂರಕ್ಕೆ 14 ಜನ ಗೊಣಗುತ್ತಾರೆ, ಶೇ. 60 ಆದರೆ 28 ಜನ. ಸರಾಸರಿ ವೇಗ ಎರಡರಲ್ಲೂ ಒಂದೇ, ಗೊಣಗುವವರು ಮಾತ್ರ ಎರಡರಷ್ಟು.

ಸೆನ್ಸರನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈಯಲ್ಲಿ ಹಿಡಿಯಬೇಡಿ. ನಿಮ್ಮ ಮೈ ಬಿಸಿಗೇ ಗಾಳಿ ಮೇಲೇಳುತ್ತದೆ, ಅದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಕೂತವರಿಗಾದರೆ ನೆಲದಿಂದ 0.1, 0.6, 1.1 ಮೀಟರ್ ಎತ್ತರದಲ್ಲಿ ಅಳೆಯಿರಿ: ಕಾಲಿನ ಗಂಟು, ಹೊಟ್ಟೆ, ತಲೆ.

ಪ್ರಶ್ನೆ: ಗಾಳಿ ಓಡಾಡುತ್ತಿದ್ದರೆ ಹೊಸ ಗಾಳಿ ಬರುತ್ತಿದೆ ಅಂತ ಅರ್ಥವಾ?

ಉತ್ತರ: ಅಲ್ಲ. ಫ್ಯಾನ್ ಇದ್ದ ಗಾಳಿಯನ್ನೇ ಸುಮ್ನೆ ತಿರುಗಿಸುತ್ತಿರಬಹುದು. ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟು, ಜನರೆಲ್ಲ ಎದ್ದು ಹೋದ ಮೇಲೆ ಅಂಕಿ ಇಳಿಯುವುದನ್ನು ನೋಡಿ. ಮೀಟರಿನ ಅಂಕಿಯಲ್ಲಿ ಹೊರಗಿನ ಗಾಳಿಯ ಅಂಕಿಯನ್ನು ಕಳೆದು, ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಆ ಉಳಿದದ್ದು 1000 ಪಿಪಿಎಂನಿಂದ (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಅಂತ) ಒಂದು ಗಂಟೆಯಲ್ಲಿ 370ಕ್ಕೆ ಇಳಿದರೆ, ಗಂಟೆಗೆ ಕೋಣೆಯಷ್ಟು ಹೊಸ ಗಾಳಿ ಬಂದಿದೆ. 135ಕ್ಕೆ ಇಳಿದರೆ ಅದರ ಎರಡರಷ್ಟು.