ಟೇ-ಸ್ಯಾಕ್ಸ್ ಕಾಯಿಲೆ ಮುಂದಿನ ಮಗುವಿಗೂ ಬರುತ್ತಾ?

ಶಿರಸಿಯಲ್ಲಿರುವ ನಿಮ್ಮ ಅಕ್ಕನ ಮಗುವಿಗೆ ಟೇ-ಸ್ಯಾಕ್ಸ್ ಅಂತ ಗೊತ್ತಾಗಿದೆ, ಅಕ್ಕ-ಭಾವ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ಮತ್ತೆ ಇದು ಎಲ್ಲಿಂದ ಬಂತು ಅಂತ ಕೇಳಿದ್ದೀರಿ.

ಇಬ್ಬರಿಂದಲೂ ಬಂದದ್ದು. ಹೆಕ್ಸಾ ಎಂಬ ಜೀನು ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೆ ತೊಂದರೆ ಇಲ್ಲ, ಇನ್ನೊಂದು ಸಾಕಾಗುತ್ತದೆ, ಅಕ್ಕ-ಭಾವ ಇಬ್ಬರದೂ ಹೀಗೆಯೇ. ಎರಡೂ ಕೆಟ್ಟರೆ ಮಿದುಳಿನಲ್ಲಿ ಜಿಎಂ2 ಅನ್ನುವ ಕೊಬ್ಬಿನಂಥ ವಸ್ತುವನ್ನು ಒಡೆಯುವ ಕಿಣ್ವ ಸಿಗುವುದಿಲ್ಲ, ಅದು ಅಲ್ಲೇ ತುಂಬುತ್ತಾ ಹೋಗಿ ನರಕೋಶಗಳು ಸಾಯುತ್ತವೆ. ಅದಕ್ಕೇ ಮೊದಲ ಕೆಲವು ತಿಂಗಳು ಮಗು ಚೆನ್ನಾಗಿಯೇ ಇರುತ್ತದೆ. ಆಮೇಲೆ ಕುಕ್ಕರ್ ಸೀಟಿಗೂ ಬೆಚ್ಚಿಬೀಳುತ್ತದೆ, ಬೋರಲು ಬೀಳುತ್ತಿದ್ದದ್ದು ನಿಂತುಹೋಗುತ್ತದೆ. ಈ ಕಾಯಿಲೆಯಲ್ಲಿ ಕಣ್ಣಿನ ಒಳಗೆ ಕಾಣುವ ಕೆಂಪು ಚುಕ್ಕೆಯನ್ನು ಬ್ರಿಟನ್ನಿನ ಕಣ್ಣಿನ ಡಾಕ್ಟರ್ ವಾರನ್ ಟೇ 1881ರಲ್ಲೇ ಬರೆದಿಟ್ಟಿದ್ದರು. ವಾಸಿ ಮಾಡುವ ಔಷಧಿ ಇನ್ನೂ ಇಲ್ಲ, ಫಿಟ್ಸ್‌ಗೆ, ನುಂಗುವ ಕಷ್ಟಕ್ಕೆ ಆರೈಕೆ ಇದೆ ಅಷ್ಟೆ.

ಮುಂದಿನ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಒಂದಕ್ಕೆ ಬಂತಲ್ವಾ, ಇನ್ನು ಮೂರಕ್ಕೆ ಬರಲ್ಲ ಅನ್ನೋ ಲೆಕ್ಕ ಹಾಕಬೇಡಿ. ಸಂಬಂಧದಲ್ಲೇ ಮದುವೆಯಾದರೆ ಅಪಾಯ ಜಾಸ್ತಿ, ಆದರೆ ಸಂಬಂಧ ಇಲ್ಲದವರಿಗೂ ಬರುತ್ತದೆ. ಸುಮ್ನೆ ನಾಗದೋಷ ಅಂತ ಅಲೆಯುವುದು ಬೇಡ. ಬಸಿರಾಗುವ ಮೊದಲೇ ಮಗುವಿನ ರಿಪೋರ್ಟ್ ಹಿಡಿದು ಮಣಿಪಾಲದ ಜೆನೆಟಿಕ್ಸ್ ವಿಭಾಗಕ್ಕೆ ಹೋಗಲಿ. ಜೀನಿನ ದೋಷ ಯಾವುದೆಂದು ಗೊತ್ತಿದ್ದರೆ ಬಸಿರಿನ 11-13 ವಾರದಲ್ಲಿ ಮಾಸಿನ ಚೂರು ತೆಗೆದು ಪರೀಕ್ಷೆ ಮಾಡಬಹುದು.